ತಡವಾಗಿ ಹಂಚಿದ ಹೋಳಿಗೆ

ಎಡವುವ ಕಾಲಿಗೂ ಓಡುವ ಕಾಲಿಗೂ ಒಂದೇ ನೆಲವಾಗಿ ನಿಂತಿರುವ ಪರಶಿವನಿಗೆ ಮೊದಲ ಶರಣು. ಆ ನೆಲವನ್ನು ನಮಗೆ ತೋರಿಸಿಕೊಟ್ಟ ಗುರುವಿಗೆ ಎರಡನೆಯ ಶರಣು.

ಶಿವನಂಜಪ್ಪ ಎಂಬ ಶಿಷ್ಯ ಒಂದು ಸೋಮವಾರ ಮಠದಲ್ಲಿ ಪೂಜೆ ಮುಗಿದ ಮೇಲೆ ಗುರುಗಳನ್ನು ಕೇಳಿದ: "ಬುದ್ಧಿ, ಆಸ್ತಿ ಪಾಲಿನ ವಿಷಯದಲ್ಲಿ ನನ್ನ ಅಣ್ಣ ನನಗೆ ಅನ್ಯಾಯ ಮಾಡಿದ್ದಾನೆ. ಅವನು ಅದನ್ನು ಬಾಯಿಬಿಟ್ಟು ಒಪ್ಪುವವರೆಗೆ ನಾನಾಗಲಿ ನನ್ನ ಮಕ್ಕಳಾಗಲಿ ಅವನ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟಿದ್ದೇನೆ. ನೊಂದವನು ನ್ಯಾಯ ಕೇಳುವುದು ತಪ್ಪೇ?"

"ತಪ್ಪಲ್ಲ, ಕೇಳಬೇಕು" ಎಂದರು ಗುರುಗಳು. "ಒಂದು ಕತೆ ಇದೆ, ಕೂತುಕೋ."

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬಳೇ ಮಗಳು. ಮಗು ಹಾಲು ಕುಡಿಯುವ ವಯಸ್ಸಿನಲ್ಲಿದ್ದಾಗ ಊರಿನ ಎಲ್ಲ ಮಕ್ಕಳಂತೆ ಅದಕ್ಕೂ ಲಸಿಕೆ ಹಾಕಿಸಿದರು. ಆ ವಾರವೇ ಜ್ವರ ಬಂತು. ಜ್ವರ ಇಳಿದ ಮೇಲೆ ನೋಡಿದರೆ ಎಡಗಾಲು ಸೋತಿತ್ತು. ಲಸಿಕೆಯಿಂದ ಹೀಗಾಗುವುದು ಬಹಳ ಅಪರೂಪ, ಬೇರೆ ಕಾಯಿಲೆಯೂ ಇದ್ದೀತು, ಪರೀಕ್ಷೆ ಮಾಡಿಯೇ ಹೇಳಬೇಕು ಎಂದರು ವೈದ್ಯರು. ದರ್ಜಿ ಮಗಳ ಹೆಸರಿನಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ. ಅದರಲ್ಲಿ ಸುಳ್ಳಿರಲಿಲ್ಲ. ನೊಂದ ತಂದೆ ಇನ್ನೆಲ್ಲಿ ಹೋಗಿ ಕೇಳಬೇಕು?

ಅರ್ಜಿ ಕಚೇರಿಯಿಂದ ಕಚೇರಿಗೆ ಹೋಯಿತು. ಅಷ್ಟರಲ್ಲಿ ಮಗು ಬೆಳೆಯಿತು. ಆಸ್ಪತ್ರೆಯ ನರ್ಸಮ್ಮ ಕಾಲಿಗೆ ವ್ಯಾಯಾಮ ಹೇಳಿಕೊಟ್ಟಳು. "ದಿನಾ ನಡೆಸಿ. ಬೀಳಲಿ, ಏಳಲಿ" ಎಂದಳು. ತಾಯಿ ದಿನಾ ನಡೆಸಿದಳು.

ಅರ್ಜಿಯ ದಾರಿ ಬಲ್ಲ ಒಬ್ಬ ಪರಿಚಯದವನು ದರ್ಜಿಗೆ ಬೇರೆಯೇ ಬುದ್ಧಿ ಹೇಳಿದ: "ವೈದ್ಯರ ಮಂಡಳಿ ಮಗುವನ್ನು ನೋಡೋಕೆ ಬರುತ್ತೆ. ಮಗು ಅವರ ಮುಂದೆ ಕುಣಿದಾಡಿದರೆ ನಿನ್ನ ಅರ್ಜಿ ಕುಂಟುತ್ತೆ, ನೋಡಿಕೋ."

ಒಂದು ಬೆಳಗ್ಗೆ ಮಗು ಗೋಡೆ ಹಿಡಿದುಕೊಂಡು ಬಂತು. ಬಾಗಿಲ ಚೌಕಟ್ಟು ಹಿಡಿದು ಕಾಲೆತ್ತಿತು. ಹೊಸ್ತಿಲು ದಾಟಿತು.

ಆ ಸೀಮೆಯಲ್ಲಿ ಮಗು ಹೊಸ್ತಿಲು ದಾಟಿದರೆ ಹೋಳಿಗೆ ಮಾಡಿ ಬೀದಿಗೆಲ್ಲ ಹಂಚುತ್ತಾರೆ. ತಾಯಿ ಬೇಳೆ ಬೇಯಲು ಇಟ್ಟಳು. ದರ್ಜಿ ಬಂದು ಒಲೆಯ ಮೇಲಿನ ಪಾತ್ರೆ ಇಳಿಸಿದ.

"ಹೋಳಿಗೆ ಹಂಚಿದರೆ ಊರಿಗೆಲ್ಲ ಗೊತ್ತಾಗುತ್ತೆ. ಮಂಡಳಿಯವರು ಬಂದು ಹೋಗಲಿ. ಆಮೇಲೆ ಮಾಡುವೆಯಂತೆ."

"ಬೀದಿಯ ಮಕ್ಕಳೆಲ್ಲ ದಾಟಿದಾಗ ನಾವು ತಿಂದಿದ್ದೇವೆ. ನಮ್ಮ ಮಗಳು ದಾಟಿದ್ದು ಮಾತ್ರ ಕಳ್ಳತನವಾ?" ಎಂದಳು ಹೆಂಡತಿ.

ದರ್ಜಿ ಮಗುವನ್ನು ಎತ್ತಿ ಹೊಸ್ತಿಲ ಒಳಗೆ ಕೂರಿಸಿದ. ಬೆಂದ ಬೇಳೆಯಲ್ಲಿ ತಾಯಿ ಸಾರು ಮಾಡಿದಳು.

ಅಂದಿನಿಂದ ಮಗು ಎದ್ದು ನಿಂತಾಗಲೆಲ್ಲ ಅವನು "ಕೂತ್ಕೋ ಮಗಳೇ" ಎನ್ನುತ್ತಿದ್ದ. ಗದರುತ್ತಿರಲಿಲ್ಲ. ಮೆಲ್ಲಗೆ, ಪ್ರೀತಿಯಿಂದಲೇ ಹೇಳುತ್ತಿದ್ದ. ಪ್ರೀತಿಯಿಂದ ಹೇಳಿದ್ದು ಬೇಗ ಮನಸ್ಸಿಗೆ ಇಳಿಯುತ್ತದೆ, ಶಿವನಂಜಪ್ಪ.

ಒಂದು ದಿನ ದರ್ಜಿಯ ಸೈಕಲ್ಲು ಪಂಕ್ಚರ್ ಆಯಿತು. ಅದನ್ನು ಅಂಗಡಿಯಲ್ಲೇ ಬಿಟ್ಟು ಮಧ್ಯಾಹ್ನದ ಊಟಕ್ಕೆ ನಡೆದುಕೊಂಡು ಬಂದ. ಮನೆ ಬಾಗಿಲು ತೆರೆದಿತ್ತು. ಒಳಗೆ ಮಗು ಗೋಡೆ ಬಿಟ್ಟು ನಡೆಯುತ್ತಿತ್ತು. ಎಡಗಾಲು ಎಳೆಯುತ್ತಿತ್ತು, ಆದರೂ ನಡೆಯುತ್ತಿತ್ತು. ತನ್ನಷ್ಟಕ್ಕೆ ತಾನೇ ನಗುತ್ತಿತ್ತು. ದರ್ಜಿ ಬೀದಿಯಲ್ಲೇ ನಿಂತು ನೋಡಿದ.

ಅಷ್ಟರಲ್ಲಿ ದಾರಿಯಲ್ಲಿ ಹೋಗುವವರು ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಅಪ್ಪನೇ ಬಂದನೆಂದು ಮಗು ತಟ್ಟನೆ ಕೂತುಬಿಟ್ಟಿತು. ಎಡಗಾಲನ್ನು ಎರಡು ಕೈಯಿಂದ ಎಳೆದುಕೊಂಡು ಲಂಗದ ಕೆಳಗೆ ಮುಚ್ಚಿತು. ಬಾಗಿಲ ಕಡೆ ತಿರುಗಿ, "ಅಪ್ಪಾ, ನಾನು ನಡೀಲಿಲ್ಲ" ಎಂದಿತು.

ದರ್ಜಿ ಅಂದು ಊಟ ಮಾಡಲಿಲ್ಲ. ಮಗಳನ್ನು ಕರೆದುಕೊಂಡು ಕಚೇರಿಗೆ ಹೋಗಿ, ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದ.

ಅಧಿಕಾರಿ ಒಳ್ಳೆಯವರು. "ಯಾರಾದರೂ ಹೆದರಿಸಿದರೇನಯ್ಯ?" ಎಂದು ಕೇಳಿದರು.

"ನನ್ನನ್ನು ಯಾರೂ ಹೆದರಿಸಿಲ್ಲ ಸ್ವಾಮಿ. ನಾನೇ ಮಗಳನ್ನು ಹೆದರಿಸಿದ್ದೇನೆ."

"ಹಾಗಾದರೆ ಅವಳು ನಡೆಯಲಿ ಬಿಡು. ನಡೆದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಇನ್ನೊಂದು ಸಲ ಯೋಚನೆ ಮಾಡು."

"ಬೀಳದೆ ಇರಬಹುದು ಸ್ವಾಮಿ. ಬೇರೆಯವರು ಅರ್ಜಿ ಇಟ್ಟುಕೊಂಡರೆ ಅದು ತಪ್ಪೂ ಅಲ್ಲ. ಆದರೆ ನನ್ನ ಮನಸ್ಸು ನನಗೆ ಗೊತ್ತು. ಈ ಅರ್ಜಿ ಇರುವವರೆಗೆ, ಅವಳು ಚೆನ್ನಾಗಿ ನಡೆದ ದಿನ ನನಗೆ ಪೂರ್ತಿ ಸಂತೋಷ ಆಗುವುದಿಲ್ಲ."

ಅಧಿಕಾರಿ ರುಜು ಹಾಕಿಸಿಕೊಂಡರು. "ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬೇಡ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದರು. ಕಚೇರಿಯ ಮೆಟ್ಟಿಲುಗಳನ್ನು ಮಗು ತಾನೇ ಇಳಿಯಿತು. ದರ್ಜಿ ಒಂದು ಬೆರಳು ಮಾತ್ರ ಕೊಟ್ಟಿದ್ದ.

ಮರುದಿನ ಆ ಮನೆಯಲ್ಲಿ ಹೋಳಿಗೆ. ಹಂಚಲು ಮಗುವೇ ಹೊರಟಿತು. ದರ್ಜಿ ಪಾತ್ರೆ ಹಿಡಿದು ಹಿಂದೆ ನಡೆದ. ಮಗು ಒಂದೊಂದೇ ಹೋಳಿಗೆಯನ್ನು ಕೈಯಲ್ಲಿ ಹಿಡಿದು, ಬೀದಿಯ ಒಂದೊಂದೇ ಹೊಸ್ತಿಲು ದಾಟಿತು. ಎರಡು ಕಡೆ ಬಿತ್ತು. ಎದ್ದಿತು. ಬಿದ್ದ ಹೋಳಿಗೆಯನ್ನು ತಾನೇ ತಿಂದಿತು.

ಪಕ್ಕದ ಮನೆಯ ಮುದುಕಿ ದರ್ಜಿಯನ್ನು ನೋಡಿ, "ಆವತ್ತೇ ಬೇಳೆ ಬೆಂದ ವಾಸನೆ ಬಂದಿತ್ತು ಕಣಪ್ಪ. ಕಾದು ಕಾದು ನನ್ನ ಇದ್ದೆರಡು ಹಲ್ಲೂ ಬಿದ್ದುಹೋದವು. ತಡ ಮಾಡಿದ್ದಕ್ಕೆ ಇನ್ನೊಂದು ಹಾಕು" ಎಂದಳು.

ದರ್ಜಿ ಎರಡು ಹಾಕಿದ.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

"ಮಗುವಿನ ಕಾಲು ಸರಿಹೋಯಿತೇ, ಬುದ್ಧಿ?" ಎಂದ ಶಿವನಂಜಪ್ಪ.

"ಈಗಲೂ ಸ್ವಲ್ಪ ಎಳೆಯುತ್ತದೆ. ಶಾಲೆಗೆ ನಡೆದೇ ಹೋಗುತ್ತಾಳೆ. ಶಿವನ ದಯೆ."

ಶಿವನಂಜಪ್ಪ ಮತ್ತೆ ಕೇಳಿದ: "ಆದರೂ ಬುದ್ಧಿ, ದರ್ಜಿಗೆ ನ್ಯಾಯ ಸಿಗಲಿಲ್ಲವಲ್ಲ?"

ಗುರುಗಳು ನಕ್ಕರು. "ನಿನ್ನ ಮಕ್ಕಳು ದೊಡ್ಡಪ್ಪನ ಮನೆ ಹೊಸ್ತಿಲು ದಾಟಿದ ದಿನ ಮಠಕ್ಕೂ ಒಂದು ಹೋಳಿಗೆ ಕಳಿಸಪ್ಪ."

ಶಿವನಂಜಪ್ಪ ಗುರುಗಳಿಗೆ ಅಡ್ಡಬಿದ್ದು ಮೇಲೆದ್ದ.

ಇದನ್ನು ಕಿವಿಯಾರೆ ಕೇಳಿದವರ ಮನೆಯ ಮಕ್ಕಳ ಕಾಲಿಗೆ ಬಲ ಬರಲಿ, ಹಿರಿಯರ ಎದೆ ಹಗುರಾಗಲಿ. ಕುಂಟುತ್ತ ಬಂದವರನ್ನೂ ಓಡುತ್ತ ಬಂದವರನ್ನೂ ಶಿವನು ಒಂದೇ ಬಾಗಿಲಲ್ಲಿ ಬರಮಾಡಿಕೊಳ್ಳಲಿ.