ಬರಣಿಯ ನೀರು

ಅಡಿವೆಪ್ಪ ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ಮರುದಿನ. ಮರಕ್ಕೆ ಕಟ್ಟಿದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಏಳನೇ ತರಗತಿಯ ಪಾಟಿಚೀಲ ಅದರ ಮೇಲಿಟ್ಟು ನಡೆದುಬಿಟ್ಟಿದ್ದ.

ಆಮೇಲೆ ಎಷ್ಟು ಊರು, ಎಷ್ಟು ಗ್ಯಾರೇಜು. ಯಾವ ಕೆಲಸವೂ ಮುಗಿಯುವ ತನಕ ಅವನು ನಿಂತದ್ದಿಲ್ಲ. ನಲವತ್ತು ದಾಟಿದ ಮೇಲೆ ಹೊಳೆದಂಡೆಯ ಒಂದು ಆಶ್ರಮಕ್ಕೆ ಬಂದು, ಅಲ್ಲಿಯ ಗುರು ಗುರುಪಾದಜ್ಜನ ಹಳೇ ಕಾರು ಓಡಿಸಿಕೊಂಡು ಉಳಿದ.

ಒಂದು ದಿನ ಉಪ್ಪಿನಕಾಯಿಯ ಗಾಜಿನ ಬರಣಿಯೊಂದನ್ನು ಕಾರಿನ ಎಂಜಿನ್ ಪಕ್ಕ ಬಿಗಿದ. ಒಳಗೆ ನೀರು, ನೀರಲ್ಲಿ ಸ್ಟೀಲ್ ತಟ್ಟೆಯ ತುಂಡುಗಳು. ಬ್ಯಾಟರಿಯಿಂದ ಬರಣಿಗೆ ತಂತಿ, ಬರಣಿಯಿಂದ ಎಂಜಿನ್ನಿಗೆ ಕೊಳವೆ.

"ಏನಪಾ ಇದು?" ಅಜ್ಜ ಕೇಳಿದರು.

"ಕರೆಂಟು ನೀರನ್ನ ಒಡೀತೈತ್ರಿ ಅಜ್ಜಾರ. ಹೈಡ್ರೋಜನ್ ಬರತೈತಿ. ಅದನ್ನ ಎಂಜಿನ್ ಕುಡಿದ್ರ ಪೆಟ್ರೋಲ್ ಕಡಿಮಿ ಸಾಕು."

ಟ್ಯಾಂಕು ತುಂಬಿಸಿ ಪೇಟೆಗೆ ಹೋಗಿಬಂದ. ಲೀಟರಿಗೆ ಹತ್ತು ಕಿಲೋಮೀಟರ್ ಓಡುತ್ತಿದ್ದ ಕಾರು ಹದಿಮೂರು ಓಡಿತ್ತು.

"ಹುಟ್ಟಿದಾಗಿಂದ ನಾ ಪೂರಾ ಮಾಡಿದ ಕೆಲಸ ಇದೊಂದ ರೀ," ಅಂದ. "ಪ್ಯಾಟ್ಯಾಗ ಎಂಟು ಮಂದಿ ಟ್ಯಾಕ್ಸಿಯವರು ನಮಗೂ ಹಾಕಿಕೊಡು ಅಂದಾರ. ನಾಡದು ಹೊಂಡತೀನಿ."

"ನಾಳೆ ಇನ್ನೊಂದು ಸಲ ಹೋಗೂಣು. ನಾನೂ ಬರತೀನಿ."

ಮರುದಿನ ಅಜ್ಜ ಪಕ್ಕದಲ್ಲಿ ಕೂತರು. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ಅಡಿವೆಪ್ಪ ಹಾರ್ನ್ ಹೊಡೆಯದೆ ಅದರ ಹಿಂದೆಯೇ ಸಾಗಿದ. ತಗ್ಗು ಸಿಕ್ಕಲ್ಲಿ ಬಸುರಿಯನ್ನು ಕೂರಿಸಿಕೊಂಡವನ ಹಾಗೆ ಕಾರು ಇಳಿಸಿದ.

ತಿರುಗಿ ಬಂದು ನೋಡಿದರೆ ಮತ್ತೆ ಹದಿಮೂರು.

"ನೋಡಿದ್ರಿ?"

ಅಜ್ಜ ಜೋಳಿಗೆಯಿಂದ ಒಂದು ತಂತಿ ತೆಗೆದು ಅವನ ಕೈಯಲ್ಲಿಟ್ಟರು. ಬ್ಯಾಟರಿಯಿಂದ ಬರಣಿಗೆ ಹೋಗುತ್ತಿದ್ದ ತಂತಿ.

"ಯಾವಾಗ ತಗದ್ರಿ?"

"ಹೊಂಡೂಕಿಂತ ಮೊದಲ."

ಅಡಿವೆಪ್ಪ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಹಂಗಾರ ಇವತ್ತು ಹೈಡ್ರೋಜನ್ ಬಂದ ಇಲ್ಲ. ಮತ್ತ ಹದಿಮೂರು ಹೆಂಗ ಬಂತ್ರಿ?"

"ಮೊದಲೆಲ್ಲ ದಾರಿಯಾಗಿನ ಎತ್ತು ಬೆದರೂಹಂಗ ಓಡಸ್ತಿದ್ದಿ. ಇವತ್ತು ಟ್ರ್ಯಾಕ್ಟರ್ ಹಿಂದ ಯಾಕ ಸುಮ್ಮನ ಬಂದಿ?"

"ಬರಣಿ ಕುಲುಕಿದ್ರ ನೀರು ಎಂಜಿನ್‌ಗೆ ಹೋಗತೈತ್ರಿ. ಅದಕ್ಕ ಮೆಲ್ಲಕ..."

ಅಡಿವೆಪ್ಪ ತಿರುಗಿ ಬರಣಿಯತ್ತ ನೋಡಿದ.

"ಬ್ಯಾಟರಿ ತುಂಬಸೋರು ಯಾರು?" ಅಜ್ಜ ಕೇಳಿದರು.

"ಎಂಜಿನ್."

"ಎಂಜಿನ್ ಏನ್ ಕುಡೀತೈತಿ?"

"ಪೆಟ್ರೋಲ್," ಅಂದ ಅಡಿವೆಪ್ಪ, ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ.

ಸಂಜೆ ಬರಣಿ ಬಿಚ್ಚಿ, ಮೂರು ಸಲ ತೊಳೆದು, ಹೊಳೆಯ ಮೆಟ್ಟಿಲ ಮೇಲೆ ಬೋರಲು ಹಾಕಿದ. ಎರಡು ಅಂಗಿ, ನಟ್ಟು ಬಿಚ್ಚುವ ಒಂದು ಪಾನಾ, ಒಂದು ಚಾದರ ಚೀಲಕ್ಕೆ ತುರುಕಿ ಹೆಗಲಿಗೇರಿಸಿದ.

"ಇದು ನಡಿಯೂದಿಲ್ಲ ಅಂತ ಟ್ಯಾಕ್ಸಿಯವರಿಗೆ ಹೇಳಿ ಹೋಗತೀನ್ರಿ. ಆಮ್ಯಾಲ ಮುಂದಿನ ಊರು."

"ಬರಣಿ?"

"ಇನ್ನ ಅದರಾಗೇನೈತ್ರಿ."

ಅಜ್ಜ ಬರಣಿಯನ್ನು ಹೊಳೆಯಲ್ಲಿ ಅದ್ದಿ, ಅಂಚಿನ ತನಕ ತುಂಬಿಸಿ, ಅವನ ಎರಡೂ ಕೈಗೆ ಕೊಟ್ಟರು. ಮುಚ್ಚಳ ಕೊಡಲಿಲ್ಲ.

"ಎಲ್ಲೀತನಕ ಒಯ್ಯಲ್ರಿ ಇದನ್ನ?"

"ಚೆಲ್ಲಿದಲ್ಲೆ ನಿಂತುಬಿಡು."