ಎರಡನೆಯ ರುಜು

“ಗುರುಗಳೇ, ಜರ್ಮನ್ನರ ‘ವಿಟಮಿನ್ ಬಿ’ಯನ್ನು ಇಂಗ್ಲಿಷಿಗೆ ಹೇಗೆ ತರುವುದು?” ಎಂದು ಧರಣೇಂದ್ರ ಕೇಳಿದ.

ಪರಿಚಯದ ಬಲದಿಂದ ಮೇಲೆ ಬಂದವನನ್ನು ಜರ್ಮನ್ನರು ಹೀಗೆ ಚುಚ್ಚುತ್ತಾರೆ, ಸಂಬಂಧ ಎಂಬ ಅವರ ಪದ ಬಿ ಅಕ್ಷರದಿಂದ ಶುರುವಾಗುತ್ತದೆ ಎಂದು ಅವನಿಗೆ ಕಲಿಸಿದ್ದೇ ಈ ಗುರು. ಈಗ ಅದೇ ಮಾತು ಬಂದರಿನ ಕ್ರೇನ್ ನಡೆಸುವ ಕೆಲಸಕ್ಕೆ ನಿಂತ ಒಬ್ಬನ ಬಗ್ಗೆ ಜರ್ಮನ್ ಪರೀಕ್ಷಕ ಬರೆದ ವರದಿಯಲ್ಲಿತ್ತು. ಆ ಒಬ್ಬ, ಧರಣೇಂದ್ರನಿಗೆ ಅನುವಾದಕನ ಕೆಲಸ ಕೊಡಿಸಿದ ಪುಣ್ಯಾತ್ಮನ ಅಳಿಯ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಮಧ್ಯಾಹ್ನದೊಳಗೆ ಅನುವಾದ ಹೋಗಬೇಕಿತ್ತು. ಸಂದೇಹದ ಮಾತಿದ್ದರೆ ಇನ್ನೊಬ್ಬ ಬಲ್ಲವರ ರುಜು ಹಾಕಿಸುವುದು ಅವನ ಕಚೇರಿಯ ರೂಢಿ. ಅದಕ್ಕೇ ಬಂದಿದ್ದ. ವರದಿ ಯಾರ ಬಗ್ಗೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಗುರು ವರದಿ ತೋರಿಸು ಎನ್ನಲಿಲ್ಲ. ಕೂತುಕೊಳ್ಳಯ್ಯ ಅವಸರದವನೇ, ಎಂದು ಕತೆ ತೆಗೆದರು.

ಒಂದು ಸಕ್ಕರೆ ಕಾರ್ಖಾನೆಗೆ ಜರ್ಮನಿಯಿಂದ ಬಾಯ್ಲರ್ ಬಂತು. ಅದನ್ನು ನೋಡಿಕೊಳ್ಳಲು ಇಬ್ಬರು ಮುಂದೆ ಬಂದರು. ಜರ್ಮನ್ ಎಂಜಿನಿಯರ್ ಇಬ್ಬರನ್ನೂ ಪರೀಕ್ಷಿಸಿ, ಮೊದಲನೆಯವನಿಗೆ ಕೆಲಸ ಗೊತ್ತು, ಎರಡನೆಯವನಲ್ಲಿ ವಿಟಮಿನ್ ಬಿ ಬೇಕಾದಷ್ಟಿದೆ ಎಂದು ಬರೆದ. ಮಾಲೀಕರಿಗೆ ಬರುತ್ತಿದ್ದದ್ದು ಇಂಗ್ಲಿಷ್. ವಶೀಲಿಯವನು ಎಂದು ಬರೆಯಲು ಅನುವಾದಕನಿಗೆ ಧೈರ್ಯವಾಗಲಿಲ್ಲ. ಎರಡನೆಯವನ ಮನೆಯ ಉಪ್ಪು ತಿಂದಿದ್ದ. ದೊಡ್ಡವರ ಒಡನಾಟ ಉಳ್ಳವನು ಎಂದು ನಯವಾಗಿ ಬರೆದ. ಇಂಗ್ಲಿಷ್ ಮರ್ಯಾದಸ್ಥರ ಭಾಷೆ ಕಣಯ್ಯ, ಅದರಲ್ಲಿ ಇಂಥದ್ದು ಹೊಗಳಿಕೆಯಾಗಿಬಿಡುತ್ತದೆ.

ಧರಣೇಂದ್ರನ ಜೇಬಿನಲ್ಲಿದ್ದ ಅನುವಾದದಲ್ಲೂ ಇದೇ ಮಾತಿತ್ತು. ಇವರಿಗೆ ಯಾರು ಹೇಳಿದರು?

ಆ ಅನುವಾದಕ ಬರೆದನೇನೋ ಸರಿ, ಹೊಣೆಯನ್ನು ಒಬ್ಬನೇ ಹೊರಲು ಅಂಜಿದ, ಎಂದು ಗುರು ಮುಂದುವರಿಸಿದರು. ರುಜುವಿಗೆಂದು ಹಿರಿಯ ಅನುವಾದಕನೊಬ್ಬನ ಹತ್ತಿರ ಹೋದ. ಹಿರಿಯನಿಗೆ ಇವನ ಮೇಲೆ ಅಕ್ಕರೆ. ಮೂಲವನ್ನು ತೆರೆಯದೆ ರುಜು ಹಾಕಿದ. ಎರಡನೆಯವನಿಗೆ ಕೆಲಸವಾಯಿತು, ಮೊದಲನೆಯವನು ಅವನ ಕೈಕೆಳಗೆ ಕೂಲಿಯಾದ.

ಮೂರನೆಯ ತಿಂಗಳು ಬಾಯ್ಲರಿನ ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತು. ಮೇಲಿನವನು ಏನೂ ತೋಚದೆ ಓಡಿದ. ಕೂಲಿಯಾದವನು ಉಗಿ ಹೊರಗೆ ಬಿಡಲು ಒಳಗೆ ನುಗ್ಗಿದ. ಕಾರ್ಖಾನೆಯ ಜನವೆಲ್ಲ ಉಳಿಯಿತು. ಅವನ ಎರಡೂ ಕಣ್ಣು ಹೋದವು.

ವಿಚಾರಣೆಯಲ್ಲಿ ಮೂಲವೂ ಅನುವಾದವೂ ಮೇಜಿನ ಮೇಲೆ ಬಂದವು. ನನ್ನದೊಂದು ಪದವೂ ಸುಳ್ಳಲ್ಲ, ಹಿರಿಯರ ರುಜುವೂ ಇದೆ ಎಂದ ಅನುವಾದಕ. ಹಿರಿಯನನ್ನು ಕೇಳಿದರು.

“ನಾನು ಪದ ನೋಡಲಿಲ್ಲ, ಸ್ವಾಮಿ. ಇವನ ಮುಖ ನೋಡಿದೆ,” ಎಂದ ಹಿರಿಯ.

ಕಣ್ಣು ಹೋದವನು ಅಲ್ಲೇ ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ.

ಗುರು ಅಲ್ಲಿಗೆ ನಿಲ್ಲಿಸಿದರು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಕತೆ ಕೇಳಿಯೂ ಧರಣೇಂದ್ರ ಜೇಬಿನಿಂದ ಅನುವಾದವನ್ನು ತೆಗೆದು, ರುಜುವಿಗೆ ಬಿಟ್ಟ ಜಾಗ ಕಾಣುವಂತೆ ಗುರುವಿನ ಮುಂದೆ ಸರಿಸಿದ.

“ಹಾಗಾದರೆ ಸರಿಯಾದ ಪದ ಯಾವುದು, ನೀವೇ ಹೇಳಿಬಿಡಿ,” ಎಂದ.

“ಪದ ನಿನಗೆ ಗೊತ್ತಿದೆ, ಧರಣೇಂದ್ರ, ನೀನು ಬಂದಿರುವುದು ನನ್ನ ವಶೀಲಿಗೆ.”