ಹುಲಿಗೆವ್ವನ ಎರಡನೇ ನಳಿಕೆ

ತುಂಗಭದ್ರೆಯ ದಡದ ಆಶ್ರಮದಲ್ಲಿ ಒಂದು ಪುಟ್ಟ ಆಸ್ಪತ್ರೆ. ಅಲ್ಲಿ ರಕ್ತ ತೆಗೆಯುವುದನ್ನು ಕಲಿಸುವವರು ಕೊಟ್ರಪ್ಪ ಮೇಷ್ಟ್ರು.

ಶಿಷ್ಯೆ ಅಂಬಿಕಾಗೆ ಪಾಠದ ಪದಗಳೆಲ್ಲ ಬಾಯಿಪಾಠ. ಟೂರ್ನಿಕೆ ಎಂದರೆ ತೋಳಿಗೆ ಕಟ್ಟುವ ಪಟ್ಟಿ. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ. ಕೇಳುವುದೇ ತಡ, ಪಟಪಟನೆ ಹೇಳಿಬಿಡುತ್ತಿದ್ದಳು. ಮೇಷ್ಟ್ರಿಗೆ ಅವಳೆಂದರೆ ಬಲು ಅಕ್ಕರೆ.

ಅಂದು ಮೊದಲ ಸಲ ಅವಳೊಬ್ಬಳೇ ರಕ್ತ ತೆಗೆದಳು, ಹುಲಿಗೆವ್ವ ಅಜ್ಜಿಯದು. ಅಜ್ಜಿಗೆ ಹೃದಯದ ಮಾತ್ರೆ ಎಷ್ಟು ಕೊಡಬೇಕೆಂಬುದು ಆ ವರದಿಯ ಮೇಲೆ ನಿಂತಿತ್ತು. ನರ ಸಿಕ್ಕ ಖುಷಿಯಲ್ಲಿ ಅಂಬಿಕಾ ರಕ್ತ ತುಂಬಿದ ಗಾಜಿನ ನಳಿಕೆಯನ್ನು ಕೆಮ್ಮಿನ ಔಷಧದ ಬಾಟಲಿಯಂತೆ ಗಲಗಲ ಕುಲುಕಿಬಿಟ್ಟಳು.

ಯಂತ್ರದಲ್ಲಿ ತಿರುಗಿಸಿ ತೆಗೆದರೆ, ಹಳದಿ ಇರಬೇಕಾದ ತಿಳಿ ಕೆಂಪಗಿತ್ತು.

"ಇದಕ್ಕೇನಂತಾರ?" ಮೇಷ್ಟ್ರು ಕೇಳಿದರು.

"ಹೀಮೋಲಿಸಿಸ್, ಸರ್. ರಕ್ತಕಣ ಒಡೆದು ಬಣ್ಣ ಬಿಟ್ಟೈತಿ." ಅವಳು ಬಗ್ಗಿ ನಳಿಕೆ ನೋಡಿದಳು. "ಹಿಂಗs ಪರೀಕ್ಷೆಗೆ ಕೊಟ್ರ, ಸರ್?"

"ರಕ್ತದಾಗಿನ ಪೊಟ್ಯಾಸಿಯಂ ಉಪ್ಪು ಇದ್ದದ್ದಕ್ಕಿಂತ ಜಾಸ್ತಿ ತೋರಸ್ತೈತಿ. ಅಜ್ಜಿ ಮಾತ್ರಿ ತಪ್ಪತೈತಿ."

"ಅಜ್ಜಿಗೆ ಯಂತ್ರ ಕೆಟ್ಟೈತಿ ಅಂತ ಹೇಳಿ ಇನ್ನೊಮ್ಮೆ ತಗೊಳ್ಳಲಾ?"

ಮೇಷ್ಟ್ರು ಬೈಯಲಿಲ್ಲ. ಕೆಟ್ಟ ನಳಿಕೆಯನ್ನು ಅವಳ ಅಂಗೈಯಲ್ಲಿಟ್ಟರು.

"ಹೀಮೋಲಿಸಿಸ್ ಅಂದ್ರೇನು ಅಂತ ಅಜ್ಜಿಗೆ ಹೇಳಿ ಬಾ."

ಅಂಬಿಕಾ ಮಂಚದ ಬಳಿ ನಿಂತಳು. ಬಾಯಿಪಾಠ ಮಾಡಿದ್ದ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ.

"ಅಜ್ಜಿ, ಯಂತ್ರ..." ಎಂದು ಶುರುಮಾಡಿ ತಡೆದಳು. "ಯಂತ್ರ ಅಲ್ಲಜ್ಜಿ. ನಾನs ಜೋರು ಕುಲುಕಿದೆ. ನಿನ್ನ ರಕ್ತ ಹಾಳಾತು. ಇನ್ನೊಮ್ಮೆ ಚುಚ್ಚಬೇಕು."

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಮಜ್ಜಿಗಿ ಕಡದ್ಯೇನs, ಹುಚ್ಚಿ?"

ಅಂಬಿಕಾಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಅಜ್ಜಿ ಇನ್ನೊಂದು ಕೈ ಚಾಚಿದಳು.

"ಮೊದಲು ಕಣ್ಣೊರೆಸ್ಕೋ. ಕಣ್ಣಾಗ ನೀರಿಟ್ಕೊಂಡು ಸೂಜಿ ಚುಚ್ಚಬ್ಯಾಡ ಮತ್ತ."

ಅಂಬಿಕಾ ಕಣ್ಣೊರೆಸಿಕೊಂಡಳು. ಬೆರಳ ತುದಿಯಿಂದ ತಡವಿ ತಡವಿ ನರ ಹುಡುಕಿದಳು. ರಕ್ತ ತುಂಬಿದ ನಳಿಕೆಯನ್ನು ಈ ಸಲ ಕುಲುಕಲಿಲ್ಲ. ಮೆಲ್ಲನೆ ಮಗುಚಿ, ಮೆಲ್ಲನೆ ನೆಟ್ಟಗೆ ಮಾಡಿದಳು. ಮಂಚದ ಪಕ್ಕದಲ್ಲೇ ಅಜ್ಜಿಯ ಹೆಸರು ಕೇಳಿ, ಚೀಟಿಯಲ್ಲಿ ಬರೆದು ನಳಿಕೆಗೆ ಅಂಟಿಸಿದಳು.

"ನಾ ಇಲ್ಲೇ ಮಲಗಿರ್ತೀನಿ, ಹೋಗು," ಎಂದು ಅಜ್ಜಿ ಹೊದಿಕೆ ಎಳೆದುಕೊಂಡಳು.

ಇದು ಕೆಡುವ ಮೊದಲೇ ತಲುಪಿಸಬೇಕೆಂದು ಅಂಬಿಕಾ ನಳಿಕೆ ಹಿಡಿದು ಓಡತೊಡಗಿದಳು. ಪ್ರಯೋಗಾಲಯದ ಬಾಗಿಲಲ್ಲಿ ಮೇಷ್ಟ್ರು ಕಾಯುತ್ತ ನಿಂತಿದ್ದರು.

"ಓಡಬ್ಯಾಡವ್ವ," ಅಂದರು, ಅವಳ ಕೈಯ ನಳಿಕೆಯತ್ತ ನೋಡುತ್ತ. "ಅಜ್ಜೀನ ಮೆಲ್ಲಕ ಕರಕೊಂಡು ಬಾ."